ಕೊನೆಯ ಸಾಲಿನಿಂದ ಶುರು ಮಾಡಿ

ನಂಜನಗೂಡು, ತಿ. ನರಸೀಪುರ ಕಡೆಯ ಮದುವೆ, ನಾಟಕ, ಸಭೆಗಳಿಗೆ ಆಸನ ವ್ಯವಸ್ಥೆ ಮಾಡುವವರಿಗೊಂದು ಕೈಪಿಡಿ

ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ತಿ. ನರಸೀಪುರದ ತಿರುಮಕೂಡಲಿನಲ್ಲಿ. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡವರು ಅವರು. ಕಛೇರಿಗೆ ಮೈಕ್ ಇಲ್ಲದ ಕಾಲ ಅದು. ದೊಡ್ಡ ಶಾರೀರದ ಗಾಯಕರ ಪಕ್ಕದಲ್ಲಿ ಕೂತು ನುಡಿಸುವಾಗ ಪಿಟೀಲಿನ ನಾದ ಹಿಂದೆ ಕೂತವರವರೆಗೆ ಹೋಗುವುದು ಕಷ್ಟವಾಗಿತ್ತು. ಕೊನೆಯಲ್ಲಿ ಕೂತವರಿಗೂ ಕೇಳಿಸಬೇಕು ಎಂಬ ಕಾಳಜಿ ವಾದ್ಯವನ್ನೇ ಬದಲಿಸಿತು.

ಆಸನ ವ್ಯವಸ್ಥೆ ಮಾಡುವವರು ಕಲಿಯಬೇಕಾದ ಮೊದಲ ಪಾಠ ಇದೇ. ನಾವು ಸಾಮಾನ್ಯವಾಗಿ ಮುಂದಿನ ಸಾಲಿನಿಂದ ಶುರು ಮಾಡುತ್ತೇವೆ. ಗಣ್ಯರಿಗೆ ಸೋಫಾ, ಬೀಗರಿಗೆ ಕೈ ಇರುವ ಕುರ್ಚಿ, ಉಳಿದವರಿಗೆ ಉಳಿದ ಜಾಗ. ಈ ಎರಡು ತಾಲ್ಲೂಕುಗಳಲ್ಲಿ ನೆಂಟರ ಮದುವೆ, ಊರ ನಾಟಕ, ಶಾಲೆಯ ವಾರ್ಷಿಕೋತ್ಸವ ಎಂದು ಓಡಾಡಿದ ನನಗೆ ಅನುಭವ ಹೇಳಿಕೊಟ್ಟದ್ದು ಇದರ ಉಲ್ಟಾ. ಕೊನೆಯ ಸಾಲಿನ ಮೂಲೆಯ ಕುರ್ಚಿ ಸರಿಯಾಗಿದ್ದರೆ ಮಿಕ್ಕ ಎಲ್ಲ ಕುರ್ಚಿಗಳೂ ತಾವಾಗಿಯೇ ಸರಿಯಾಗಿರುತ್ತವೆ.

ಜನ ಯಾಕೆ ಬರುತ್ತಿದ್ದಾರೆ?

ಶಾಮಿಯಾನದವರಿಗೆ ಫೋನ್ ಮಾಡಿದ ಕೂಡಲೇ ಅವರು ಕೇಳುವುದು, ‘ಎಷ್ಟು ಕುರ್ಚಿ ಬೇಕು ಸರ್?’ ಅದಕ್ಕೆ ಉತ್ತರ ಕೊಡುವ ಮೊದಲು ನಮ್ಮನ್ನು ನಾವು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಬಂದವರು ಕೂತು ಏನು ಮಾಡುತ್ತಾರೆ? ನೋಡುತ್ತಾರೋ, ಕೇಳುತ್ತಾರೋ, ಮಾತಾಡುತ್ತಾರೋ, ಬರೆದುಕೊಳ್ಳುತ್ತಾರೋ, ಉಣ್ಣುತ್ತಾರೋ?

ನೋಡುವ, ಕೇಳುವ ಕಾರ್ಯಕ್ರಮಕ್ಕೆ, ಅಂದರೆ ನಾಟಕ, ಪುಸ್ತಕ ಬಿಡುಗಡೆ, ರಾಜ್ಯೋತ್ಸವದಂಥವಕ್ಕೆ, ವೇದಿಕೆಗೆ ಮುಖ ಮಾಡಿದ ಸಾಲುಗಳೇ ಸರಿ. ತರಬೇತಿಯಾದರೆ ಮುಂದೆ ಮೇಜು ಬೇಕು. ಅದೇ ಹಾಲಿನಲ್ಲಿ ಅರ್ಧದಷ್ಟು ಜನ ಮಾತ್ರ ಹಿಡಿಯುತ್ತಾರೆ. ಇಪ್ಪತ್ತು ಮೂವತ್ತು ಜನರ ಮಾತುಕತೆಗೆ ಸಾಲು ಹಾಕಲೇಬೇಡಿ. ಸಾಲಿನಲ್ಲಿ ಕೂತವರು ಮುಂದಿನವರ ಬೆನ್ನಿಗೆ ಮಾತಾಡಬೇಕಾಗುತ್ತದೆ. ಅರಳಿಕಟ್ಟೆಯ ಸುತ್ತ ಊರಿನವರು ಕೂರುವಂತೆ ದುಂಡಗೆ ಅಥವಾ ಕುದುರೆ ಲಾಳದ ಆಕಾರದಲ್ಲಿ ಕೂತರೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ. ಸ್ತ್ರೀಶಕ್ತಿ ಸಂಘದವರು ಜಮಖಾನದ ಮೇಲೆ ದುಂಡಗೆ ಕೂತು ಲೆಕ್ಕ ಓದುವುದನ್ನು ಒಮ್ಮೆ ನೋಡಿ. ಅಲ್ಲಿ ಯಾರೂ ಹಿಂದಿನ ಸಾಲಿನವರಲ್ಲ.

ಸುತ್ತಲೂ ಕೂತು ನೋಡುವ ಕಾರ್ಯಕ್ರಮವೂ ನಮ್ಮಲ್ಲಿದೆ. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಪುಷ್ಯ ಮಾಸದ ಜಾತ್ರೆಯ ಕುಸ್ತಿಯನ್ನು ಜನ ಅಖಾಡದ ಸುತ್ತ ನೆರೆದು ನೋಡುತ್ತಾರೆ. ಕುಸ್ತಿಗೆ ಮುಂಭಾಗ, ಹಿಂಭಾಗ ಎಂಬುದಿಲ್ಲ. ನಾಲ್ಕು ದಿಕ್ಕಿನಲ್ಲಿ ಕೂರಿಸಿದರೆ ಎಷ್ಟೋ ಹೆಚ್ಚು ಜನರಿಗೆ ಹತ್ತಿರದಿಂದ ನೋಡಲು ಸಿಗುತ್ತದೆ. ಕಬಡ್ಡಿಗೂ ಕೋಲಾಟಕ್ಕೂ ಇದೇ ಮಾತು.

ಹಾಲು ನಿಜಕ್ಕೂ ಎಷ್ಟು ಜನರನ್ನು ಹಿಡಿಯುತ್ತದೆ?

‘ನಾನೂರು ಜನ ಆರಾಮಾಗಿ ಕೂರಬಹುದು’ ಎಂದು ಛತ್ರದವರು ಹೇಳಿದರೆ ಟೇಪು ಹಿಡಿದು ಅಳತೆ ಮಾಡಿ. ವೇದಿಕೆಯನ್ನು ಬಿಟ್ಟು 40 ಅಡಿ ಅಗಲ, 48 ಅಡಿ ಉದ್ದದ ಹಾಲನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

ವೇದಿಕೆಯ ಮುಂದೆ ಆರತಿಯವರು, ಫೋಟೋದವರು ಓಡಾಡಲು 6 ಅಡಿ ಬಿಡಬೇಕು. ಹಿಂದೆ ಬಾಗಿಲ ಬಳಿ ಇನ್ನೊಂದು 6 ಅಡಿ. ಉಳಿಯುವುದು 36 ಅಡಿ. ಒಂದು ಕುರ್ಚಿಯ ಬೆನ್ನಿನಿಂದ ಹಿಂದಿನ ಕುರ್ಚಿಯ ಬೆನ್ನಿಗೆ 3 ಅಡಿ ಇದ್ದರೆ ಮಾತ್ರ ಕೂತವರು ಎದ್ದು ನಿಲ್ಲದೆ ಇನ್ನೊಬ್ಬರು ಮಂಡಿ ತಾಗಿಸಿಕೊಳ್ಳದೆ ಒಳಗೆ ಹೋಗಬಹುದು. ಅಂದರೆ 12 ಸಾಲು. ಅಗಲದಲ್ಲಿ ನಡುವೆ 5 ಅಡಿ ದಾರಿ, ಎರಡೂ ಗೋಡೆಯ ಪಕ್ಕ ತಲಾ 3 ಅಡಿ ದಾರಿ ಬಿಟ್ಟರೆ 29 ಅಡಿ ಉಳಿಯಿತು. ಒಂದು ಪ್ಲಾಸ್ಟಿಕ್ ಕುರ್ಚಿಗೆ ಸುಮಾರು ಒಂದೂಮುಕ್ಕಾಲು ಅಡಿ ಹಿಡಿದರೆ ದಾರಿಯ ಆಚೆ ಎಂಟು, ಈಚೆ ಎಂಟು. ಸಾಲಿಗೆ 16, ಒಟ್ಟು 192 ಕುರ್ಚಿ.

ನಾನೂರು ಎಲ್ಲಿ, ನೂರ ತೊಂಬತ್ತೆರಡು ಎಲ್ಲಿ! ಅದೇ ಹಾಲಿಗೆ ನಾನೂರು ಕುರ್ಚಿ ತುಂಬಬಹುದು, ಸುಳ್ಳಲ್ಲ. ಆದರೆ ಆಗ ನಡುವಿನ ದಾರಿ ಮುಚ್ಚಿಹೋಗುತ್ತದೆ, ಅಕ್ಷತೆ ಹಂಚುವವರು ತಲೆಯ ಮೇಲಿಂದ ಕೈ ಚಾಚಬೇಕಾಗುತ್ತದೆ, ಅಳುವ ಮಗುವನ್ನು ಎತ್ತಿಕೊಂಡ ತಾಯಿ ಹೊರಗೆ ಬರಲಾರದೆ ಅಲ್ಲೇ ಒದ್ದಾಡುತ್ತಾಳೆ. ಏನಾದರೂ ಅವಘಡವಾದರೆ ಜನ ಹೊರಬರಲು ದಾರಿಯೇ ಇರುವುದಿಲ್ಲ. ಒಂದು ಸಾಲಿಗೆ ಎರಡೂ ಕಡೆ ದಾರಿ ಇದ್ದರೆ ಹದಿನಾಲ್ಕು, ಒಂದೇ ಕಡೆ ದಾರಿ ಇದ್ದರೆ ಏಳು. ಅದಕ್ಕಿಂತ ಹೆಚ್ಚು ಕುರ್ಚಿ ಜೋಡಿಸದಿರುವುದು ಒಳ್ಳೆಯದು.

ಇನ್ನೊಂದು ಖರ್ಚಿಲ್ಲದ ಉಪಾಯ. ಎರಡನೇ ಸಾಲಿನ ಕುರ್ಚಿಗಳನ್ನು ಮೊದಲ ಸಾಲಿನ ಎರಡು ಕುರ್ಚಿಗಳ ಸಂದಿಗೆ ಬರುವಂತೆ ಅರ್ಧ ಕುರ್ಚಿಯಷ್ಟು ಪಕ್ಕಕ್ಕೆ ಸರಿಸಿ. ಆಗ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ಎರಡು ತಲೆಗಳ ನಡುವೆ ವೇದಿಕೆ ಕಾಣುತ್ತದೆ. ಹನ್ನೆರಡು ಸಾಲಿಗೆ ವೇದಿಕೆ ಮೂರು ಅಡಿ ಎತ್ತರ ಇದ್ದರೆ ಸಾಕು.

ಮಂಟಪ ಪೂರ್ವಕ್ಕೆ, ಬಿಸಿಲು ಪಶ್ಚಿಮಕ್ಕೆ

ಹಳ್ಳಿಗಳಲ್ಲಿ ಈಗಲೂ ಎಷ್ಟೋ ಸಮಾರಂಭಗಳು ನಡೆಯುವುದು ಮನೆ ಮುಂದಿನ ಚಪ್ಪರದಲ್ಲಿ, ಇಲ್ಲವೇ ಕೊಯ್ಲಾದ ಗದ್ದೆಯಲ್ಲಿ ಹಾಕಿದ ಶಾಮಿಯಾನದಲ್ಲಿ. ಇಲ್ಲಿ ದಿಕ್ಕನ್ನು ನೋಡಿ ಕೂರಿಸಬೇಕು.

ಮುಹೂರ್ತಕ್ಕೆ ವಧೂವರರನ್ನು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿ ಕೂರಿಸುತ್ತಾರೆ. ಎದುರು ಕೂತ ಜನ ಪಶ್ಚಿಮಕ್ಕೆ ಮುಖ ಮಾಡಿರುತ್ತಾರೆ. ಬೆಳಗಿನ ಮುಹೂರ್ತಕ್ಕೆ ಇದು ಬಹಳ ಚೆನ್ನ. ಎಳೆ ಬಿಸಿಲು ಬೆನ್ನಿಗೆ ಬೀಳುತ್ತದೆ. ಆದರೆ ಅದೇ ವೇದಿಕೆಯಲ್ಲಿ ಸಂಜೆ ಐದಕ್ಕೆ ಆರತಕ್ಷತೆ ಇಟ್ಟುಕೊಂಡರೆ ಕೂತವರ ಕಣ್ಣಿಗೆ ನೇರ ಇಳಿಬಿಸಿಲು. ಆಗ ವೇದಿಕೆಯ ಹಿಂದಿನ ಪರದೆಯನ್ನು ಎತ್ತರಿಸಿ ದಪ್ಪ ಬಟ್ಟೆ ಕಟ್ಟಿಸಿ, ಅಥವಾ ಆರತಕ್ಷತೆಯ ಹೊತ್ತನ್ನು ಸೂರ್ಯ ಮುಳುಗಿದ ಮೇಲಕ್ಕೆ ಇಡಿ. ಹಗಲಿನ ಸಭೆಗಾದರೆ ಶಾಸ್ತ್ರದ ಕಟ್ಟಿಲ್ಲ. ಜನ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ ಕೂರಲಿ. ಭಾಷಣಕಾರರ ಕಣ್ಣಿಗೂ ಬಿಸಿಲಿಲ್ಲ, ಕೇಳುವವರ ಕಣ್ಣಿಗೂ ಇಲ್ಲ.

ನೆಲವನ್ನೂ ನೋಡಿ. ನಾಲೆ ನೀರಿನ ಗದ್ದೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ದಪ್ಪನೆಯ ಆಸಾಮಿ ಕೂತ ಕೂಡಲೇ ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲು ಇಳಿದು ಕೂತವರು ಹಿಂದಕ್ಕೆ ವಾಲುತ್ತಾರೆ. ಕೂಳೆ ಸವರಿ, ನೆಲ ತಟ್ಟಿಸಿ, ಮೇಲೆ ದಪ್ಪ ಜಮಖಾನ ಹಾಸಿದರೆ ಕಾಲಿನ ಭಾರ ಹರಡಿಕೊಳ್ಳುತ್ತದೆ. ವಯಸ್ಸಾದವರ ಕುರ್ಚಿಗಳ ಕೆಳಗೆ ಹಲಗೆ ಇದ್ದರೆ ಇನ್ನೂ ಕ್ಷೇಮ.

ಹೊಳೆಯ ದಂಡೆಯಲ್ಲಿ ಕಾರ್ಯಕ್ರಮ ಇಡುವವರು ಮಳೆಗಾಲವನ್ನು ಮರೆಯಬಾರದು. 2018 ಮತ್ತು 2019ರಲ್ಲಿ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಭಾಗಗಳಿಗೆ ನುಗ್ಗಿತ್ತು. ಜುಲೈ, ಆಗಸ್ಟ್‌ನಲ್ಲಿ ದಂಡೆಯ ಜಾಗ ಬೇಡವೇ ಬೇಡ.

ದಿನ ಗೊತ್ತು ಮಾಡುವ ಮೊದಲು ಊರಿನ ಪಂಚಾಂಗವನ್ನೂ ನೋಡಿ. ನಂಜನಗೂಡಿನಲ್ಲಿ ಸೋಮವಾರ, ಹುಣ್ಣಿಮೆಗಳಂದು ಶ್ರೀಕಂಠೇಶ್ವರನ ದರ್ಶನಕ್ಕೆ ಜನ ಕಿಕ್ಕಿರಿಯುತ್ತಾರೆ. ದೊಡ್ಡ ಜಾತ್ರೆಯ ಪಂಚ ಮಹಾರಥೋತ್ಸವದ ದಿನ ಐದು ತೇರು ಎಳೆಯುವಾಗ ದೇವಸ್ಥಾನದ ಸುತ್ತಿನ ಬೀದಿಗಳಲ್ಲಿ ವಾಹನ ಓಡಾಡುವ ಹಾಗಿಲ್ಲ. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ನಡೆದುಬಂದಿರುವ ಕುಂಭಮೇಳ 2025ರ ಫೆಬ್ರವರಿ 10ರಿಂದ 12ರವರೆಗೆ ನಡೆಯಿತು. ಅಂಥ ದಿನಗಳಲ್ಲಿ ಮನೆಯ ಕಾರ್ಯ ಇಟ್ಟುಕೊಂಡರೆ ಎಷ್ಟು ಕುರ್ಚಿ ಹಾಕಿಸಿದರೂ ನೆಂಟರು ದಾರಿಯಲ್ಲೇ ಸಿಕ್ಕಿಕೊಂಡಿರುತ್ತಾರೆ.

ಊಟದ ಹಾಲು: ಬೆನ್ನ ಹಿಂದೆ ಯಾರೂ ನಿಲ್ಲದಿರಲಿ

ನಮ್ಮ ಮದುವೆಗಳಲ್ಲಿ ಅತಿ ಹೆಚ್ಚು ಬೇಸರ ತರುವ ಜಾಗ ಇದು. ಕೆಲವು ವರ್ಷಗಳ ಹಿಂದೆ ನಮ್ಮ ಮನೆತನದ್ದೇ ಒಂದು ಮದುವೆ. ಛತ್ರದ ಊಟದ ಹಾಲು ನೆಲಮಾಳಿಗೆಯಲ್ಲಿ. ಎಂಬತ್ತು ದಾಟಿದ ನಮ್ಮ ಅಜ್ಜಿ ಮೊಮ್ಮಗನ ತೋಳು ಹಿಡಿದು ಹದಿನೆಂಟು ಮೆಟ್ಟಿಲು ಇಳಿದು ಎಲೆಯ ಮುಂದೆ ಕೂತರು. ಪಾಯಸ ಬಡಿಸುವ ಹೊತ್ತಿಗೆ ಅಜ್ಜಿಯ ಕುರ್ಚಿಯ ಬೆನ್ನು ಹಿಡಿದು ಒಬ್ಬರು ನಿಂತಿದ್ದರು, ಮುಂದಿನ ಪಂಕ್ತಿಗೆ ಜಾಗ ಹಿಡಿಯಲು. ಅವರು ಕೆಟ್ಟವರೇನಲ್ಲ, ದೂರದಿಂದ ಬಂದವರು, ಬಸ್ಸು ಹಿಡಿಯಬೇಕಿತ್ತು. ಅಜ್ಜಿ ಮಜ್ಜಿಗೆ ಅನ್ನ ಬೇಡವೆಂದು ಎಲೆ ಮಡಚಿ ಎದ್ದರು. ‘ಪಾಪ, ಕಾಯ್ತಾವರೆ ಮಗ’ ಅಂದರು. ಆ ದಿನದ ಅಡುಗೆ ಎಷ್ಟು ರುಚಿಯಾಗಿತ್ತು ಎಂಬುದು ನನಗೆ ನೆನಪಿಲ್ಲ. ಅರ್ಧಕ್ಕೆ ಮಡಚಿದ ಆ ಎಲೆ ನೆನಪಿದೆ.

ಅಲ್ಲಿ ತಪ್ಪಿದ್ದು ಲೆಕ್ಕ. ಬಾಳೆ ಎಲೆಯ ಊಟಕ್ಕೆ ಒಬ್ಬರಿಗೆ 2 ಅಡಿ ಅಗಲ ಬೇಕು. ಒಂದೂವರೆ ಅಡಿಯ ಮೇಜು, ಕುರ್ಚಿಗೆ 2 ಅಡಿ, ಬಡಿಸುವವರಿಗೆ 3 ಅಡಿ ದಾರಿ, ಹೀಗೆ ಒಂದು ಸಾಲಿಗೆ ಆರೂವರೆ ಅಡಿ. 24 ಅಡಿ ಅಗಲ, 60 ಅಡಿ ಉದ್ದದ ಹಾಲಿನಲ್ಲಿ ಉದ್ದಕ್ಕೆ ಮೂರು ಸಾಲು, ಸಾಲಿಗೆ 25 ಎಲೆ, ಅಂದರೆ ಪಂಕ್ತಿಗೆ 75 ಜನ. ಉಂಡು, ಎದ್ದು, ಎಲೆ ತೆಗೆದು, ಮೇಜಿನ ಪೇಪರ್ ಬದಲಿಸುವಷ್ಟರಲ್ಲಿ ಅರ್ಧ ಗಂಟೆ. 600 ಜನ ಬಂದರೆ ಎಂಟು ಪಂಕ್ತಿ, ನಾಲ್ಕು ಗಂಟೆ. ಹನ್ನೆರಡೂವರೆಗೆ ಶುರುವಾದರೆ ಕೊನೆಯವರು ಕೈ ತೊಳೆಯುವುದು ನಾಲ್ಕೂವರೆಗೆ. ಜನ ಕುರ್ಚಿ ಹಿಂದೆ ನಿಲ್ಲದೆ ಏನು ಮಾಡುತ್ತಾರೆ?

ಹಾಗಾಗಿ ಕರೆಯೋಲೆ ಹಂಚುವಾಗಲೇ ಈ ಲೆಕ್ಕ ಹಾಕಿ. ಹೊರಗಿನ ಅಂಗಳದಲ್ಲಿ ಶಾಮಿಯಾನ ಹಾಕಿ ಇನ್ನೂ 75 ಎಲೆಗೆ ಜಾಗ ಮಾಡಿದರೆ ನಾಲ್ಕೇ ಪಂಕ್ತಿ, ಎರಡೇ ಗಂಟೆ. ವಯಸ್ಸಾದವರಿಗೆ, ಬಸುರಿ ಬಾಣಂತಿಯರಿಗೆ ಈ ಅಂಗಳದ ಪಂಕ್ತಿಯನ್ನೇ ಮೀಸಲಿಡಿ. ಮೆಟ್ಟಿಲ ಗೋಳು ತಪ್ಪುತ್ತದೆ. ಊಟದ ಹಾಲಿನ ಬಾಗಿಲ ಹೊರಗೆ ಒಂದು ಪಂಕ್ತಿಯಷ್ಟು ಕುರ್ಚಿ ಹಾಕಿ, ಫ್ಯಾನ್ ಇಟ್ಟು, ಕುಡಿಯುವ ನೀರು ಕೊಡಿ. ಮನೆಯವರಲ್ಲೇ ಸೌಮ್ಯವಾಗಿ ಮಾತಾಡುವ ಇಬ್ಬರು ಬಾಗಿಲಲ್ಲಿ ನಿಂತು, ‘ಕೂತ್ಕೊಳಿ ಅಣ್ಣ, ಹತ್ತು ನಿಮಿಷ, ಮುಂದಿನ ಪಂಕ್ತಿ ನಿಮ್ಮದೇ’ ಎಂದರೆ ಯಾರೂ ನುಗ್ಗುವುದಿಲ್ಲ. ಒಳಹೋಗಲು ಒಂದು ಬಾಗಿಲು, ಕೈ ತೊಳೆದು ಹೊರಡಲು ಇನ್ನೊಂದು ಇರಲಿ. ಎರಡೂ ಒಂದೇ ಆದರೆ ಒದ್ದೆ ನೆಲದಲ್ಲಿ ಜನ ಎದುರುಬದುರಾಗಿ ಜಾರುತ್ತಾರೆ.

ಬೀಗರ ಊಟಕ್ಕೆ ಬೇರೆ ಲೆಕ್ಕ. ಮುದ್ದೆ, ಬಾಡಿನ ಸಾರು, ನೆಂಟರ ಮಾತುಕತೆ ಎಲ್ಲ ಸೇರಿ ಪಂಕ್ತಿಗೆ ನಲವತ್ತು ನಿಮಿಷ ಹಿಡಿಯಿರಿ. ಎಲೆಗೆ ಇನ್ನೂ ಕಾಲು ಅಡಿ ಹೆಚ್ಚು ಕೊಡಿ. ನೆಲದ ಮೇಲೆ ಕೂರಿಸುವುದಾದರೆ ಎದುರುಬದುರು ಸಾಲುಗಳ ನಡುವೆ ನಾಲ್ಕು ಅಡಿ ಬಿಡಿ. ಬಿಸಿ ಸಾರಿನ ಬಕೆಟ್ ಹಿಡಿದು ಬಗ್ಗುವವರ ಬೆನ್ನು ಇನ್ನೊಬ್ಬರಿಗೆ ತಾಗಬಾರದು.

ಪಂಕ್ತಿ ಎಂದಾಗ ಇನ್ನೊಂದು ಮಾತನ್ನು ಹೇಳಲೇಬೇಕು. ಯಾರನ್ನು ಯಾರ ಪಕ್ಕ ಕೂರಿಸಬೇಕು ಎಂಬ ಲೆಕ್ಕದಲ್ಲಿ ಜಾತಿ ನುಸುಳಬಾರದು. ಕೆಲವರಿಗೆ ಕುರ್ಚಿ, ಕೆಲವರಿಗೆ ನೆಲ; ಕೆಲವರಿಗೆ ಒಳಗೆ, ಕೆಲವರಿಗೆ ಹಿತ್ತಲಲ್ಲಿ ಎಂಬ ವ್ಯವಸ್ಥೆ ಸಂವಿಧಾನದ 17ನೇ ವಿಧಿಯ ಆಶಯಕ್ಕೆ ವಿರುದ್ಧ. ಕೂಲಿಗೆ ಬಂದವರು, ವಾದ್ಯದವರು, ಪಾತ್ರೆ ತೊಳೆಯುವವರು ಕೊನೆಯಲ್ಲಿ ಉಳಿದದ್ದನ್ನು ನಿಂತುಕೊಂಡು ತಿನ್ನುವಂತಾಗಬಾರದು. ಅವರಿಗೂ ಎಲೆ ಹಾಕಿ, ಕೂರಿಸಿ, ಮನೆಯವರೇ ಬಡಿಸಲಿ. ಸುತ್ತೂರು ಜಾತ್ರೆಯ ಸಾಮೂಹಿಕ ವಿವಾಹದಲ್ಲಿ ಬೇರೆ ಬೇರೆ ಜಾತಿಯ ಜೋಡಿಗಳು ಒಂದೇ ಚಪ್ಪರದಡಿ ಕೂರುತ್ತಾರೆ. ಸಾವಿರಾರು ಜನರೆದುರು ಆಗುವುದು ನಮ್ಮ ಅಂಗಳದಲ್ಲಿ ಯಾಕೆ ಆಗಬಾರದು?

ನಾಟಕಕ್ಕೆ ಮೂರು ಹಂತ

ಹಳ್ಳಿಯಲ್ಲಿ ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕಕ್ಕೆ ಜನ ಕೂರುವ ಕ್ರಮವನ್ನು ಗಮನಿಸಿ. ಮುಂದೆ ಜಮಖಾನದ ಮೇಲೆ ಮಕ್ಕಳು, ಹೆಂಗಸರು. ಹಿಂದೆ ಕುರ್ಚಿಯಲ್ಲಿ ಗಂಡಸರು. ಅದರ ಹಿಂದೆ ನಿಂತವರು. ಇಳಿಜಾರು ನೆಲವಿಲ್ಲದಿದ್ದರೂ ಮೂರು ಎತ್ತರ ತಾನಾಗಿಯೇ ಆಗುತ್ತದೆ. ಈ ಕ್ರಮವನ್ನು ಕೆಡಿಸುವುದು ಮುಂದೆ ತಂದಿಡುವ ಸೋಫಾ. ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಎತ್ತರದ ಬೆನ್ನಿನ ಐದು ಸೋಫಾಗಳನ್ನು ಮುಂದಿಟ್ಟಿದ್ದರು. ಕೂರಬೇಕಾದವರು ಬಂದದ್ದು ಒಂದೂವರೆ ಗಂಟೆ ತಡವಾಗಿ, ಹೋದದ್ದು ಇಪ್ಪತ್ತು ನಿಮಿಷಕ್ಕೆ. ಅಷ್ಟು ಹೊತ್ತೂ ಖಾಲಿ ಸೋಫಾದ ಹಿಂದೆ ಒಬ್ಬ ತಾಯಿ ಮಗಳ ನೃತ್ಯ ನೋಡಲು ತುದಿಗಾಲಲ್ಲಿ ನಿಂತೇ ಇದ್ದಳು. ಗಣ್ಯರಿಗೆ ಗೌರವ ಕೊಡೋಣ. ಅವರಿಗೂ ಮಾಮೂಲಿ ಎತ್ತರದ ಕುರ್ಚಿಯನ್ನೇ ಒಂದು ಬದಿಯಲ್ಲಿ ಹಾಕಿ. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಬಾರದಿದ್ದರೆ ಆ ಜಾಗವನ್ನು ಜನರಿಗೆ ಬಿಟ್ಟುಕೊಡಿ.

ಕುರ್ಚಿಯನ್ನು ಗಂಡಸರಿಗೇ ಮೀಸಲು ಎಂಬಂತೆ ಜೋಡಿಸಬೇಡಿ. ಮಂಡಿ ನೋವಿನ ಹೆಂಗಸರು ಜಮಖಾನದ ಮೇಲೆ ರಾತ್ರಿಯಿಡೀ ಕೂರುವುದು ಎಷ್ಟು ಕಷ್ಟ! ಜಮಖಾನದ ಎರಡೂ ಪಕ್ಕದಲ್ಲಿ ಕುರ್ಚಿಯ ಒಂದೊಂದು ಸಾಲನ್ನು ಅವರಿಗೆಂದೇ ಇಟ್ಟರೆ ಯಾರಿಗೂ ಅಡ್ಡವಾಗದು. ಹಾರ್ಮೋನಿಯಂ ಮೇಷ್ಟ್ರನ್ನೂ ತಬಲಾದವರನ್ನೂ ರಂಗದ ನಡುಮಧ್ಯೆ ಕೂರಿಸದೆ ಒಂದು ಬದಿಗೆ ಕೂರಿಸಿ. ಹೆಂಗಸರಿಗೂ ಕೂರಲು ಜಾಗ ಬೇಕೆಂಬ ಮಾತು ಗ್ರಾಮಸಭೆಗೂ ಸಲ್ಲುತ್ತದೆ. ಅಲ್ಲಿ ಅರ್ಧಚಂದ್ರದ ಸಾಲುಗಳೇ ಮೇಲು. ಗೋಡೆಗೆ ಒರಗಿ ನಿಂತ ಹೆಂಗಸರು ಪ್ರಶ್ನೆ ಕೇಳುವುದು ಅಪರೂಪ; ಅವರೂ ಕೂತರೆ ಕೇಳುತ್ತಾರೆ.

ಗಾಲಿಕುರ್ಚಿಗೊಂದು ಜಾಗ

ನಡುವಿನ ದಾರಿಯ ಪಕ್ಕದಲ್ಲಿ, ಮೂರನೆಯ ಅಥವಾ ನಾಲ್ಕನೆಯ ಸಾಲಿನಲ್ಲಿ, ಎರಡು ಕುರ್ಚಿಗಳನ್ನು ತೆಗೆದು ಗಾಲಿಕುರ್ಚಿಗೆ ಜಾಗ ಬಿಡಿ. ಜೊತೆಗೆ ಬಂದವರಿಗೆ ಅದರ ಪಕ್ಕದಲ್ಲೇ ಒಂದು ಕುರ್ಚಿ ಇರಲಿ. ಗಾಲಿಕುರ್ಚಿಯನ್ನು ಬಾಗಿಲ ಮೂಲೆಗೆ ತಳ್ಳಿದರೆ ಅವರು ಮದುವೆಗೆ ಬಂದೂ ಬಾರದಂತೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, ಅದರ ಆಶಯ ಪಾಲಿಸುವುದೂ ಕಷ್ಟವಲ್ಲ. ಬಾಗಿಲ ಮೆಟ್ಟಿಲಿಗೆ ಹಲಗೆಯ ಇಳಿಜಾರು ಹಾಕಿಸಲು ಬಡಗಿಗೆ ಒಂದು ಗಂಟೆ ಸಾಕು. ಕಿವಿ ಮಂದವಾದವರನ್ನು ಸ್ಪೀಕರ್ ಪಕ್ಕ ಕೂರಿಸಿದರೆ ಗದ್ದಲವೇ ಹೆಚ್ಚು. ಮಾತಾಡುವವರ ಮುಖ ಕಾಣುವಲ್ಲಿ ಕೂರಿಸಿ.

ಹಿಂದಿನ ದಿನ ನೋಡಬೇಕಾದ್ದು

- ಬರುವವರ ಎಣಿಕೆಗಿಂತ ಹತ್ತಕ್ಕೆ ಒಂದರಂತೆ ಕುರ್ಚಿ ಹೆಚ್ಚು ತರಿಸಿ. ಅವನ್ನು ಹಾಕಬೇಡಿ, ಪಕ್ಕದಲ್ಲಿ ಪೇರಿಸಿಡಿ. ಖಾಲಿ ಸಾಲುಗಳು ಕಂಡರೆ ಜನ ಹಿಂದೆಯೇ ಕೂರುತ್ತಾರೆ, ಮುಂದೆ ತುಂಬುವುದಿಲ್ಲ.
- ಲಾರಿಯಿಂದ ಇಳಿಸುವಾಗಲೇ ಸೀಳು ಬಿಟ್ಟ, ಕಾಲು ಅಲುಗುವ ಕುರ್ಚಿಗಳನ್ನು ವಾಪಸ್ ಕಳಿಸಿ.
- ಹಿಂದಿನ ಮತ್ತು ಪಕ್ಕದ ಬಾಗಿಲುಗಳ ಬೀಗ ತೆಗೆಸಿ. ಬಾಗಿಲ ಮುಂದೆ ಪಾತ್ರೆ, ಸಿಲಿಂಡರ್, ಹೂವಿನ ಕಮಾನು ಬೇಡ.
- ಹೋಮಕುಂಡದ ಮತ್ತು ಒಲೆಯ ಮೇಲೆ ಶಾಮಿಯಾನದ ಬಟ್ಟೆ ಇಳಿಬಿದ್ದಿರಬಾರದು.
- ಕರೆಂಟು ತಂತಿ ದಾರಿಯಲ್ಲಿ ಅಡ್ಡ ಹಾಯುವುದಾದರೆ ನೆಲಕ್ಕೆ ಟೇಪು ಅಂಟಿಸಿ.
- ಆರತಕ್ಷತೆಯ ಸಾಲು ವೇದಿಕೆಯ ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಯಿಂದ ಇಳಿಯಲಿ. ಆ ಸಾಲು ಗೋಡೆಯ ಪಕ್ಕದ ದಾರಿಯಲ್ಲಿರಲಿ, ಕೂತವರ ಮುಂದೆ ಬೇಡ. ಕಾಲು ಸೋತವರಿಗೆ ಸಾಲಿನ ಪಕ್ಕ ನಾಲ್ಕು ಕುರ್ಚಿ ಹಾಕಿ.

ಎಲ್ಲ ಜೋಡಿಸಿ ಮುಗಿದ ಮೇಲೆ, ನೆಂಟರು ಬರುವ ಮೊದಲು, ಮನೆಯ ಯಜಮಾನರೋ ಯಜಮಾನಿಯೋ ಒಂದು ಕೆಲಸ ಮಾಡಬೇಕು. ಕೊನೆಯ ಸಾಲಿನ ಮೂಲೆಯ ಕುರ್ಚಿಯಲ್ಲಿ ಐದು ನಿಮಿಷ ಕೂತು ನೋಡಿ. ಮಂಟಪ ಕಾಣುತ್ತದೆಯೇ? ಮೈಕಿನ ಮಾತು ತಿಳಿಯುತ್ತದೆಯೇ? ಫ್ಯಾನಿನ ಗಾಳಿ ಬರುತ್ತದೆಯೇ? ಯಾರನ್ನೂ ಎಬ್ಬಿಸದೆ ಹೊರಗೆ ಹೋಗಬಹುದೇ? ಒಂದಕ್ಕೆ ‘ಇಲ್ಲ’ ಎಂದು ಉತ್ತರ ಬಂದರೂ ಸರಿಪಡಿಸಲು ಇನ್ನೂ ಹೊತ್ತಿರುತ್ತದೆ. ಆ ಕುರ್ಚಿಯಲ್ಲಿ ನಾಳೆ ಕೂರುವವರು ದೂರದ ಊರಿನಿಂದ ಎರಡು ಬಸ್ಸು ಬದಲಿಸಿ ತಡವಾಗಿ ಬಂದ ನೆಂಟರಾಗಿರಬಹುದು. ಮುಹೂರ್ತಕ್ಕೆ ಅವರು ಎಸೆಯುವ ಅಕ್ಷತೆಯೂ ವಧೂವರರ ತಲೆಗೇ ಸೇರಬೇಕಾದದ್ದು.